ಮುಳ್ಳು ಚುಚ್ಚಿದ ಜಾಗದ ಗಂಟು ಮೂರು ತಿಂಗಳಾದರೂ ಮಾಯುತ್ತಿಲ್ಲ, ಫಂಗಸ್ ಇರಬಹುದಾ?

ಇರಬಹುದು. ಅಪ್ಪನ ಬೆರಳಿನಿಂದ ಮೊಣಕೈವರೆಗೆ ಸಾಲಾಗಿ ಗಂಟು ಎದ್ದಿವೆ ಅಂತ ಬರೆದಿದ್ದೀರಲ್ಲ, ಓದುತ್ತಲೇ ನಮ್ಮಮ್ಮನ ಕೈ ನೆನಪಾಯಿತು. ನಾನು ಡಾಕ್ಟರ್ ಅಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ಅಮ್ಮನಿಗೆ ಗುಲಾಬಿ ಗಿಡ ಸವರುವಾಗ ಮುಳ್ಳು ಚುಚ್ಚಿತ್ತು. ಎರಡು ವಾರ ಕಳೆದ ಮೇಲೆ ಅಲ್ಲೊಂದು ಕೆಂಪು ಗಂಟು. ನೋವಿಲ್ಲ, ಜ್ವರವಿಲ್ಲ. ಅದು ಒಡೆದು ಹುಣ್ಣಾಯಿತು. ಆಮೇಲೆ ಕೈ ಮೇಲೆ ಇನ್ನೂ ನಾಲ್ಕು, ದಾರಕ್ಕೆ ಪೋಣಿಸಿದ ಹಾಗೆ. ಆಂಟಿಬಯಾಟಿಕ್ ಎರಡು ಕೋರ್ಸ್ ಮುಗಿಯಿತು. ಪಕ್ಕದ ಮನೆಯವರು ಕೊಟ್ಟ ಹುಳಕಡ್ಡಿ ಮುಲಾಮೂ ಆಯಿತು. ಹುಳಕಡ್ಡಿ ಇರೋದು ಚರ್ಮದ ಮೇಲ್ಪದರದಲ್ಲಿ. ಇದು ಒಳಗಿನದು, ಮುಲಾಮು ಅಲ್ಲಿಗೆ ಇಳಿಯೋದೇ ಇಲ್ಲ.

ಕೊನೆಗೆ ಗೊತ್ತಾದ ಹೆಸರು ಸ್ಪೋರೋಟ್ರೈಕೋಸಿಸ್. ಮಣ್ಣು, ಮುಳ್ಳು, ಕೊಳೆತ ಕಟ್ಟಿಗೆಯಲ್ಲಿ ಇರುವ ಫಂಗಸ್. ಹಿಮಾಚಲದ ಕಾಂಗ್ರಾ ಕಡೆ, ಈಶಾನ್ಯ ರಾಜ್ಯಗಳಲ್ಲಿ ಜಾಸ್ತಿ. ನಮ್ಮಲ್ಲಿ ಅಪರೂಪ, ಅದಕ್ಕೇ ಬೇಗ ಹೊಳೆಯೋದಿಲ್ಲ. 1940ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಸುಮಾರು 3000 ಕಾರ್ಮಿಕರಿಗೆ ಇದು ಬಂದಿತ್ತು, ಗಣಿಗೆ ಆನಿಸಿದ್ದ ಮರದ ಕಂಬಗಳಿಂದ!

ಮುಖ್ಯ ವಿಷಯ ಬಯಾಪ್ಸಿ, ಅಂದರೆ ಗಂಟಿನಿಂದ ಸಣ್ಣ ತುಣುಕು ಕೊಯ್ದು ಪರೀಕ್ಷೆ ಮಾಡೋದು. ಮೊದಲ ಸಲ ತೆಗೆದ ತುಣುಕನ್ನು ಪೂರ್ತಿ, ಅದು ಕೆಡದಂತೆ ಇಡುವ ದ್ರಾವಣವಾದ ಫಾರ್ಮಾಲಿನ್‌ಗೆ ಹಾಕಿಬಿಟ್ಟರು. ಫಾರ್ಮಾಲಿನ್‌ಗೆ ಬಿದ್ದರೆ ಫಂಗಸ್ ಸತ್ತಂತೆ, ಕಲ್ಚರ್ ಮಾಡಲು, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಏನೂ ಉಳಿಯೋದಿಲ್ಲ. ರಿಪೋರ್ಟ್‌ನಲ್ಲಿ ಚರ್ಮದ ಟಿಬಿ ಇರಬಹುದು ಅಂತ ಬಂತು, ಆ ಮಾತ್ರೆ ಶುರು ಮಾಡುವುದರಲ್ಲಿದ್ದೆವು. ಬೇರೆ ಚರ್ಮದ ಡಾಕ್ಟರು ಮತ್ತೆ ಕೊಯ್ದು, ಒಂದು ತುಣುಕು ಫಾರ್ಮಾಲಿನ್‌ಗೆ, ಇನ್ನೊಂದನ್ನು ಸಲೈನ್‌ನಲ್ಲಿ ಲ್ಯಾಬಿಗೆ ಕಳಿಸಿದರು. ವಾರದೊಳಗೆ ಅಲ್ಲಿ ಫಂಗಸ್ ಬಿಳಿಯಾಗಿ ಬೆಳೆದು ನಿಧಾನಕ್ಕೆ ಕಪ್ಪಾಯಿತು. ನೀವೂ ಮೊದಲೇ ಕೇಳಿ: "ಕಲ್ಚರ್‌ಗೂ ಒಂದು ತುಣುಕು ಇಡ್ತೀರಾ?" ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಫಂಗಸ್ ಕಾಣಲಿಲ್ಲ ಅಂದರೆ ಅಷ್ಟಕ್ಕೇ ಬಿಡಬೇಡಿ. ಈ ಕಾಯಿಲೆಯಲ್ಲಿ ಹಾಗೆ ಸಿಗೋದು ಕಡಿಮೆ.

ಔಷಧಿ ಇಟ್ರಾಕೊನಜೋಲ್, ಸಾಮಾನ್ಯವಾಗಿ 3ರಿಂದ 6 ತಿಂಗಳು. ಗಾಯ ಒಣಗಿದ ಮೇಲೂ ಕೆಲವು ವಾರ ಬೇಕು. ಪೊಟ್ಯಾಸಿಯಂ ಅಯೋಡೈಡ್ ಹನಿಯೂ ಇದೆ, ಹಳೇ ಮದ್ದು, ಅಗ್ಗ, ಆದರೆ ಥೈರಾಯ್ಡ್ ಇದ್ದವರಿಗೆ ಕಷ್ಟ. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಉಂಡ ಕೂಡಲೇ ನುಂಗಬೇಕು. ಅಮ್ಮ ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ತಗೊಳ್ತಿದ್ದರು, ಮೊದಲ ತಿಂಗಳು ಸುಮ್ನೆ ಹೋಯಿತು. ಹೊಟ್ಟೆಯಲ್ಲಿ ಆಸಿಡ್ ಕಮ್ಮಿಯಾದರೆ ಆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತೋದಿಲ್ಲವಂತೆ.

ಅಪ್ಪ ಬಿಪಿಗೆ, ಕೊಲೆಸ್ಟ್ರಾಲ್‌ಗೆ ಮಾತ್ರೆ ತಗೊಳ್ತಾರಾ? ಹೃದಯದ ತೊಂದರೆ ಇದೆಯಾ? ಇಟ್ರಾಕೊನಜೋಲ್ ಇವಕ್ಕೆ ಹೊಂದದೇ ಇರಬಹುದು. ಇದ್ದರೆ ಆ ಚೀಟಿಗಳನ್ನೆಲ್ಲ ತಗೊಂಡೇ ಡಾಕ್ಟರ ಹತ್ತಿರ ಹೋಗಿ.