ಕಾಫಿ ಡ್ರೈಯರ್ ಗೋಡೆ ಮೆಶ್ ಆಗ್ತಿಲ್ಲ ಅಂದಿದ್ದಕ್ಕೆ

ಜಿಐ (ಸತು ಲೇಪಿತ ಉಕ್ಕಿನ) ಶೀಟ್, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಶಾಖ ತಡೆಯೋ ಉಣ್ಣೆಯಂಥ ಪದರ), ಫಾಯಿಲ್ ಇರೋ ಡ್ರೈಯರ್ ಗೋಡೆಯಲ್ಲಿ ಶಾಖ ಎಷ್ಟು ದಾಟುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋಕೆ ಹೋದ್ರೆ ಮೆಶ್, ಅಂದ್ರೆ ಗೋಡೆಯನ್ನ ಎಲಿಮೆಂಟ್ ಅನ್ನೋ ಸಣ್ಣ ತುಂಡುಗಳಾಗಿ ಒಡೆಯೋ ಹಂತದಲ್ಲೇ ನಿಲ್ಲುತ್ತೆ ಅಂದಿದ್ರಿ. ಎಡವಟ್ಟು ಬಹುಶಃ ಆ 0.1 ಮಿಮೀ ಅಲ್ಯೂಮಿನಿಯಂ ಫಾಯಿಲಲ್ಲೇ ಇದೆ. 50 ಮಿಮೀ ರಾಕ್‌ವೂಲ್ ಪಕ್ಕ ಅದನ್ನೂ ಸಾಲಿಡ್ ಆಗಿ (ನಿಜವಾದ ದಪ್ಪ ಇರೋ ಘನ ಆಕಾರವಾಗಿ) ಬಿಡಿಸಿದ್ರೆ ಟೆಟ್ರಾ ಮೆಶ್ (ನಾಲ್ಕು ಮುಖದ ತುಂಡುಗಳದ್ದು) ಒಂದೋ ಲಕ್ಷಗಟ್ಟಲೆ ಎಲಿಮೆಂಟ್ ಮಾಡುತ್ತೆ, ಇಲ್ಲಾಂದ್ರೆ ಹಪ್ಪಳದ ಥರ ಚಪ್ಪಟೆ ಎಲಿಮೆಂಟ್ ಬಂದು ಫೇಲ್ ಆಗುತ್ತೆ.

ಮೊದ್ಲು ಫಾಯಿಲ್ ಸಾಲಿಡ್ ತೆಗೆದು ಆ ಫೇಸ್ ಮೇಲೆ ಶೆಲ್ (ದಪ್ಪ ಬಿಡಿಸದ ಬರೀ ಮೇಲ್ಮೈ) ಕೊಡಿ, ದಪ್ಪ ಬರೀ ನಂಬರಾಗಿ ಹಾಕಿ, 1 ಮಿಮೀ ಜಿಐ ಶೀಟಿಗೂ ಹಾಗೇ (ಸಾಫ್ಟ್‌ವೇರ್ ಯಾವ್ದು ಅಂತ ನೀವು ಹೇಳಿಲ್ಲ, ಮೆನು ಹೆಸರು ಬೇರೆ ಇರ್ಬಹುದು). ಆಮೇಲೆ ಪದರಗಳ ನಡುವೆ ನೋಡ್ (ಎಲಿಮೆಂಟಿನ ಮೂಲೆ ಬಿಂದು) ಶೇರ್ ಆಗ್ತಿದ್ಯಾ ನೋಡಿ, ಶೇರೂ ಇಲ್ಲ, ಪದರಗಳು ತಾಗಿವೆ ಅಂತ ಸಾಫ್ಟ್‌ವೇರಿಗೆ ಹೇಳೋ ಕಾಂಟ್ಯಾಕ್ಟೂ ಕೊಟ್ಟಿಲ್ಲ ಅಂದ್ರೆ ಶಾಖ ಆಚೆ ದಾಟೋದೇ ಇಲ್ಲ. ರಾಕ್‌ವೂಲಿಗೆ ಟೆಟ್ರಾ ಬಿಟ್ಟು ಸ್ವೀಪ್ ಮಾಡಿ (ಒಂದು ಮುಖದ ಮೆಶ್ಶನ್ನೇ ದಪ್ಪದುದ್ದಕ್ಕೂ ಪದರ ಪದರವಾಗಿ ಎಳೆಯೋದು), ದಪ್ಪಕ್ಕೆ 4-6 ಎಲಿಮೆಂಟ್ ಇಟ್ಟು ಶುರು ಮಾಡಿ.

ಸ್ಟೆಡಿ ಸ್ಟೇಟ್ (ತಾಪಮಾನ ಬದಲಾಗದೆ ನಿಂತ ಸ್ಥಿತಿ) ಓಡಿಸಿ ಕೈಲೆಕ್ಕಕ್ಕೆ ಹೋಲಿಸಿ. ರಾಕ್‌ವೂಲ್ ಶಾಖ ವಾಹಕತೆ 0.04 (W/m·K) ಇಟ್ರೆ, 50 ಮಿಮೀ ಅಂದ್ರೆ 0.05 ಮೀಟರ್ ದಪ್ಪದ ತಡೆ 0.05/0.04 = 1.25, ಎರಡು ಶೀಟ್ ನಡುವೆ 40 ಡಿಗ್ರಿ ವ್ಯತ್ಯಾಸಕ್ಕೆ 40/1.25, ಅಂದ್ರೆ ಚದರ ಮೀಟರಿಗೆ 32 ವ್ಯಾಟ್. ಮಡಿಕೇರಿ ಮಳೆಗಾಲದಲ್ಲಿ ರಾಕ್‌ವೂಲ್ ತೇವ ಹಿಡಿದ್ರೆ 0.04 ನಿಲ್ಲಲ್ಲ, ಅದು ಬೇರೆ ತಲೆನೋವು. ಗೋಡೆ ಮಧ್ಯಭಾಗದಲ್ಲಿ 32ರ ಹತ್ರ ಬರ್ಲಿಲ್ಲ ಅಂದ್ರೆ ಮೆಶ್ ಸಣ್ಣ ಮಾಡ್ತಾ ಕೂರ್ಬೇಡಿ, ಕಾಂಟ್ಯಾಕ್ಟ್ ಮತ್ತೆ ಯೂನಿಟ್ ಚೆಕ್ ಮಾಡಿ.