ರಂಗ ಪ್ರಶ್ನೋತ್ತರ: ನಿರ್ದೇಶಕರು ನಾಟಕದ ಪ್ರಾಧ್ಯಾಪಕರಾಗಬಹುದೇ?

ಪ್ರಶ್ನೆ: ಬಿ.ಎ. ಮುಗಿದಿದೆ, ಊರಲ್ಲಿ ನಾಲ್ಕು ನಾಟಕ ಮಾಡಿಸಿದ್ದೇನೆ. ಕಾಲೇಜಿನಲ್ಲಿ ನಾಟಕ ಕಲಿಸಲು ಏನು ಬೇಕು?
– ಓದುಗರು, ಶಹಾಪುರ

ಉತ್ತರ: ಎರಡು ದಾರಿಗಳಿವೆ. ಒಂದು, ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ, ಮೇಲೆ ನೆಟ್ ಅಥವಾ ಕೆ-ಸೆಟ್ (ಅಧ್ಯಾಪಕರ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು). ಇನ್ನೊಂದನ್ನು ಬಹಳ ಜನ ಗಮನಿಸುವುದೇ ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ, ರಾಷ್ಟ್ರೀಯ ನಾಟಕ ಶಾಲೆ ಅಥವಾ ಮಾನ್ಯ ಸಂಸ್ಥೆಯ ಪ್ರಥಮ ದರ್ಜೆ ಪದವಿ ಇಲ್ಲವೇ ಡಿಪ್ಲೊಮಾ ಇದ್ದು, 5 ವರ್ಷ ಮೆಚ್ಚುಗೆ ಗಳಿಸಿದ ರಂಗಕೆಲಸಕ್ಕೆ ಪುರಾವೆ ಇದ್ದರೆ ವೃತ್ತಿ ಕಲಾವಿದರೂ ಅರ್ಹರು.

ಎಡವುವುದು ಈ ಪುರಾವೆಯಲ್ಲೇ. ಕರಪತ್ರದಲ್ಲಿ ದಾನಿಗಳ ಹೆಸರೆಲ್ಲ ಇರುತ್ತದೆ, ನಿರ್ದೇಶಕರದ್ದೇ ಇರುವುದಿಲ್ಲ! ಪ್ರತಿ ಪ್ರಯೋಗಕ್ಕೂ ದಿನಾಂಕ, ಸ್ಥಳ, ನಿಮ್ಮ ಹೆಸರಿರುವ ಕರಪತ್ರ, ಪತ್ರಿಕಾ ವರದಿ, ಪೂರ್ತಿ ವಿಡಿಯೋ ತೆಗೆದಿಡಿ. ಜೊತೆಗೆ ನಿರ್ದೇಶನದ ಪ್ರತಿ: ಎಡಪುಟದಲ್ಲಿ ಸಂಭಾಷಣೆ ಅಂಟಿಸಿ, ಬಲಪುಟದಲ್ಲಿ ಪಾತ್ರದ ಚಲನೆ, ಬೆಳಕು, ಸಂಗೀತದ ಸೂಚನೆಗಳನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನು ಬೇಡ, ತಾಲೀಮಿನಲ್ಲಿ ದಿನಕ್ಕೊಂದು ಬದಲಾವಣೆ ಇದ್ದೇ ಇರುತ್ತದೆ. ಸಂದರ್ಶನದಲ್ಲಿ 'ಈ ಪಾತ್ರ ಇಲ್ಲೇಕೆ ನಿಂತಿತು?' ಎಂದರೆ ಆ ಪುಟ ತೆರೆದು ಕಾರಣ ಹೇಳಬೇಕು.

ತರಬೇತಿಗೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ಕೋರ್ಸ್ ಇದೆ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 3 ವರ್ಷದ್ದು. ಹತ್ತಿರದಲ್ಲೇ ಕಲಬುರಗಿ ರಂಗಾಯಣವಿದೆ, ಅಲ್ಲಿನ ಪ್ರಯೋಗಗಳನ್ನು ತಪ್ಪದೆ ನೋಡಿ. ಅಂದಹಾಗೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಅರ್ಜಿಯ ಕೊನೇ ವಾರದಲ್ಲಿ ಸಹಾಯಕ ಆಯುಕ್ತರ ಕಚೇರಿಗೆ ಓಡಿದರೆ ಸಿಗುವುದು ಕಷ್ಟ.