ಸಂಬಳದ ಜೊತೆ ಕಾಫಿ ತೋಟ: ಕಾಗದ ಇಟ್ಟುಕೊಳ್ಳೋದು ಹೀಗೆ

ಹಾಸನದಲ್ಲಿ ಸಂಬಳದ ಕೆಲಸ, ಸಕಲೇಶಪುರದ ಕಡೆ ಮೂರು ಎಕರೆ ಕಾಫಿ-ಮೆಣಸು, ಜುಲೈ ಬಂದರೆ ಆದಾಯ ತೆರಿಗೆ ರಿಟರ್ನ್ಸ್‌ಗೆ ಕಾಗದದ ಹುಡುಕಾಟ ಅಂತ ಬರೆದಿದ್ದೀರಿ. ಮೊದಲು ತೋಟಕ್ಕೇ ಬೇರೆ ಉಳಿತಾಯ ಖಾತೆ ತೆರೆಯಿರಿ ಸರ್. ಸಂಬಳದ ಖಾತೆಗೇ ಕಾಫಿ ದುಡ್ಡೂ ಬಿದ್ದರೆ, ಮುಂದೆ ನೋಟಿಸ್ ಬಂದಾಗ ಯಾವುದು ಯಾವುದೆಂದು ಬಿಡಿಸೋದು ದೊಡ್ಡ ತಲೆನೋವು.

ಮಾರಿದ ದಿನವೇ ಬಿಲ್ಲಿನ ಫೋಟೋ ತೆಗೆಯಿರಿ. ಚೆರಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು), ತೂಕ, ದರ, ತಾರೀಕು ಕಾಣಬೇಕು. ತೂಕದ ಚೀಟಿ ಥರ್ಮಲ್ ಪೇಪರಾದರೆ ಅಕ್ಷರ ಬೇಗ ಮಾಸುತ್ತೆ. ನಮ್ಮ ಮಳೆಗಾಲದ ತೇವ ಬೇರೆ.

ಕ್ಯೂರಿಂಗ್ (ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸೋದು) ಆಗದ ಕಾಫಿ ಮಾರಿದರೆ ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ ಮಾಡಿ ಮಾರಿದರೆ ಲಾಭದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ವ್ಯವಹಾರದ ಆದಾಯ. ಬಿಲ್ಲಿನಲ್ಲಿ ಬರೀ ‘ಕಾಫಿ’ ಅಂತ ಬರೆಸಿಕೊಳ್ಳಬೇಡಿ.

‘ಕೃಷಿಗೆ ತೆರಿಗೆ ಇಲ್ಲವಲ್ಲ’ ಅಂತ ಬಿಡೋದೇ ಎಡವಟ್ಟು. ಖರ್ಚು ಕಳೆದು ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 (ಸಂಬಳದಾರರ ಸರಳ ರಿಟರ್ನ್ ಫಾರಂ) ನಡೆಯಲ್ಲ, ಸಂಬಳದ ತೆರಿಗೆ ದರ ಲೆಕ್ಕಕ್ಕೂ ಅದು ಸೇರುತ್ತೆ. ಹಾಗಾಗಿ ಗೊಬ್ಬರದ ಬಿಲ್ಲು, ಸಹಿ ಇರುವ ಕೂಲಿ ಪಟ್ಟಿ, ಪಹಣಿ ಒಂದೇ ಫೈಲಿನಲ್ಲಿರಲಿ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ (ನಿಮ್ಮ ಆದಾಯ, ವಹಿವಾಟಿನ ಬಗ್ಗೆ ಇಲಾಖೆ ಬಳಿ ಇರುವ ಪಟ್ಟಿ) ತೆಗೆದು ಬ್ಯಾಂಕಿನ ಎಫ್‌ಡಿ ಬಡ್ಡಿಯನ್ನೂ ತಾಳೆ ನೋಡಿ.